ದೃಷ್ಟಿಬೊಟ್ಟಿನಷ್ಟು ಕಪ್ಪು

ನಮ್ಮತ್ತಿಗೆಯ ಕಣ್ಣನ್ನು ಯಾರಾದರೂ ಹೊಗಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಬಣ್ಣದ ಕಾರ್ಖಾನೆಯ ಪ್ರಯೋಗಶಾಲೆಗೆ ಅವಳೇ ಮುಖ್ಯಸ್ಥೆ. ಎರಡು ಕೆಂಪು ಮುಂದಿಟ್ಟರೆ ಸಾಕು, ಯಂತ್ರ ಲೆಕ್ಕ ಹಾಕುವ ಮೊದಲೇ ಯಾವುದರಲ್ಲಿ ಹಳದಿ ಹೆಚ್ಚು ಎಂದು ಹೇಳಿಬಿಡುತ್ತಿದ್ದಳು. ನಾನು ಅಲ್ಲೇ ಕುಲುಮೆ ನೋಡಿಕೊಳ್ಳುತ್ತೇನೆ. ಮನೆಯಲ್ಲಿ ನಾದಿನಿ, ಕೆಲಸದಲ್ಲಿ ಕೈಕೆಳಗಿನವಳು. ಬೈಸಿಕೊಳ್ಳುವುದಕ್ಕೆ ಎರಡು ಕಡೆಯೂ ನಾನೇ.

ನಮ್ಮಣ್ಣ ಅವಳು ಮಾಡಿದ ಬಣ್ಣವನ್ನು ಎತ್ತರದ ಕಟ್ಟಡಗಳಿಗೆ ಬಳಿಯುತ್ತಿದ್ದವನು. ಸಾರುವೆಯಿಂದ ಬಿದ್ದು ಕತ್ತಿನ ಮೂಳೆ ಮುರಿಯಿತು. ಆಮೇಲೆ ಕೈಕಾಲು ಹೋದದ್ದು ಎಲ್ಲರಿಗೂ ಕಾಣುತ್ತಿತ್ತು. ಬೆವರು ಹೋದದ್ದು ನಮಗಿಬ್ಬರಿಗೆ ಮಾತ್ರ ಗೊತ್ತಿತ್ತು. ಬೆವರದ ಮೈ ತಣಿಯುವುದಾದರೂ ಹೇಗೆ? ನಮ್ಮದು ತಗಡಿನ ಮಾಡಿನ ಸಾಲುಮನೆ. ಬೇಸಿಗೆ ಬಂತೆಂದರೆ ಫ್ಯಾನೂ ಬಿಸಿಗಾಳಿಯನ್ನೇ ಸುರಿಯುತ್ತಿತ್ತು. ಆಸ್ಪತ್ರೆಯವರು ಸೇರಿಸಿಕೊಂಡು ಜ್ವರ ಇಳಿಸಿ ಕಳಿಸುತ್ತಿದ್ದರು, ಮನೆ ಮತ್ತೆ ಏರಿಸುತ್ತಿತ್ತು. "ಇವರಿಗೆ ಕಾಯಿಲೆಗಿಂತ ಆ ಮನೇನೇ ಅಪಾಯ" ಎಂದರು ಡಾಕ್ಟರು. ಮಲಗಿದ ರೋಗಿ ಇದ್ದಾನೆಂದರೆ ಬೇರೆ ಮನೆ ಕೊಡುವ ಪುಣ್ಯಾತ್ಮರು ಸಿಗಬೇಕಲ್ಲ!

ಅಣ್ಣ ಮಾತ್ರ ತಮಾಷೆ ಬಿಟ್ಟವನಲ್ಲ. "ಬೆಂದಿದೀನಾ ಅಂತ ಒಂದ್ಸಲ ಚುಚ್ಚಿ ನೋಡ್ರೇ. ಹೇಗೂ ನಂಗೆ ಗೊತ್ತಾಗಲ್ಲ" ಎನ್ನುತ್ತಿದ್ದ. ನಾನು ನಗುತ್ತಿದ್ದೆ. ಅತ್ತಿಗೆ ಎದ್ದು ಹೋಗಿಬಿಡುತ್ತಿದ್ದಳು.

ಮಾಡಿಗೆ ಬಿಳಿ ಬಳಿದು ನೋಡಿದ್ದೆವು. ಎದುರು ಮಹಡಿಯವರ ಕಣ್ಣಿಗೆ ಹೊಡೆಯಿತಂತೆ. ಮನೆ ಮಾಲೀಕ ನಿಂತು ಮತ್ತೆ ಕೆಂಗಂದು ಬಳಿಸಿದ. ಸಾಲಿಗೆಲ್ಲ ಒಂದೇ ಬಣ್ಣ ಇರಬೇಕೆಂಬುದು ಅವನ ಹಟ. ಆಗ ಅತ್ತಿಗೆ, ಕಾರ್ಖಾನೆಯಲ್ಲಿ ಅರ್ಧಕ್ಕೆ ನಿಂತಿದ್ದ ಕೆಲಸವೊಂದನ್ನು ಹಿಡಿದಳು. ನೋಡಲು ಇಟ್ಟಿಗೆ ಕೆಂಪು, ಆದರೆ ಬಿಸಿಲನ್ನು ಬಿಳಿಯ ಹಾಗೆ ವಾಪಸು ಕಳಿಸುವ ಬಣ್ಣ. ಸೀರಿಯಂ ಎಂಬ ಅಪರೂಪದ ಲೋಹದ ಪುಡಿಗೆ, ಹೆಸರು ಹೇಳುವಷ್ಟರಲ್ಲಿ ನಾಲಿಗೆ ಹೊರಳುವ ಪ್ರೇಸಿಯೋಡಿಮಿಯಂ ಬೆರೆಸಿ, ಮೂಸೆಯಲ್ಲಿ ಸುಟ್ಟು, ಅರೆಯಬೇಕು. ಒಮ್ಮೆ ಪೇಲವ ಗುಲಾಬಿ ಬಂತು. ಒಮ್ಮೆ ಅರೆದರೂ ಅರೆಯದ ಕಲ್ಲಾಯಿತು. ಅತ್ತಿಗೆಗೆ ಊಟ ಸೇರದು, ನಿದ್ದೆ ಹತ್ತದು. ಬಳಿದ ತಗಡನ್ನು ಉರಿಯುವ ದೀಪದ ಕೆಳಗಿಟ್ಟು, ಅದರ ಹಿಂಬದಿ ಮುಟ್ಟಿ, ಬಿಸಿಯಾಗಿದ್ದರೆ ಮೂಲೆಗೆ ಎಸೆಯುತ್ತಿದ್ದಳು. ಕೊನೆಗೊಂದು ತಗಡು ತಣ್ಣಗಿತ್ತು. ಅವಳು ಅದನ್ನು ಕೆನ್ನೆಗೊತ್ತಿಕೊಂಡು ಅತ್ತಳು.

ಮಾಲೀಕ ಅದೇ ತಗಡನ್ನು ಮಾಡಿಗೆ ಹಿಡಿದು ನೋಡಿದ. "ಕೆಂಪು ಜಾಸ್ತಿ ಆಯ್ತು ಮೇಡಂ, ಸಾಲಿಗೆ ಕೂಡಲ್ಲ. ಸ್ವಲ್ಪ ಮಂಕು ಮಾಡಿ."

ಅಣ್ಣನಿಗೆ ಆ ಹೊತ್ತಿಗೆ ಜ್ವರ ಏರುತ್ತಿತ್ತು. ಅತ್ತಿಗೆ ಓಡಿಹೋಗಿ ಡಬ್ಬಿ ಕಲಸಿ ತಂದಳು. ಬೆಳಿಗ್ಗೆಯೇ ಇಬ್ಬರೂ ಏಣಿ ಹತ್ತಿ ಬಳಿದೆವು. ಅಕ್ಕಪಕ್ಕದ ಮಾಡಿಗೂ ನಮ್ಮದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. "ಏನ್ ಕಣ್ಣು ಮೇಡಂ ನಿಮ್ದು!" ಎಂದ ಮಾಲೀಕ.

ಮಧ್ಯಾಹ್ನ ಕೋಣೆ ಹಿಂದಿನ ಹಾಗೇ ಕುದಿಯುತ್ತಿತ್ತು. ಅತ್ತಿಗೆ ಏಣಿ ಹತ್ತಿ ತಗಡು ಮುಟ್ಟಿದವಳೇ ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ಆ ಕೈಯನ್ನೇ ನೋಡುತ್ತ ನಿಂತಳು. ಹೆಬ್ಬೆರಳ ಉಗುರಿನ ಸಂದಿಯಲ್ಲಿ ಕಪ್ಪು.

"ನಾನೇ ಬೊಟ್ಟಿಟ್ಟೆ ಕಣೇ" ಎಂದಳು.

ಬಣ್ಣ ಮಂಕಾಗಲಿ ಎಂದು ಕೊನೆಯಲ್ಲಿ ಹಾಕುವ ಚಿಟಿಕೆ ಮಸಿಗೆ ಕಾರ್ಖಾನೆಯಲ್ಲಿ ನಾವು ದೃಷ್ಟಿಬೊಟ್ಟು ಎನ್ನುತ್ತೇವೆ. ಹೊಸ ಬಣ್ಣಕ್ಕೆ ಅದೇ ವಿಷ. ಮಸಿ ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ಅಲ್ಲ, ಕಾಣದ ಬಿಸಿಲನ್ನೂ ನುಂಗಿಬಿಡುತ್ತದೆ. ಹಾಗೆಂದು ನಮಗೆಲ್ಲ ಪಾಠ ಹೇಳಿದವಳೂ ಅವಳೇ! ನಿದ್ದೆಗೆಟ್ಟ ತಲೆ ಮರೆತಿತ್ತು, ಪಳಗಿದ ಕೈ ಮರೆತಿರಲಿಲ್ಲ.

"ನಿನ್ನ ಕಣ್ಣಿಗಿಷ್ಟು ಬೆಂಕಿ ಹಾಕ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಅದಕ್ಕೆ ನನಗೇನೂ ಪಶ್ಚಾತ್ತಾಪವಿಲ್ಲ. ಕೂಗಿ, ಅವಳ ಕೈಹಿಡಿದು ಏಣಿ ಇಳಿಸಿಕೊಂಡೆ.

ಕಾರ್ಖಾನೆಯಲ್ಲಿ ಸುಟ್ಟು ಅರೆದ ಪುಡಿ ಒಂದು ಚಮಚದಷ್ಟೂ ಉಳಿದಿರಲಿಲ್ಲ. ಮತ್ತೆ ಸುಡಲು ಇಟ್ಟೆವು. ಸುಟ್ಟ ಮೇಲೆ ಕುಲುಮೆ ತಾನಾಗಿ ಆರಬೇಕು. ಅವಸರಪಟ್ಟು ಬಾಗಿಲು ತೆಗೆದರೆ ಮೂಸೆ ಬಿರಿದು ಎಲ್ಲ ಮಣ್ಣುಪಾಲು. ಅದು ಆರಲೆಂದು ಬಿಟ್ಟು, ಮನೆಯಲ್ಲಿ ಅಣ್ಣನಿಗೆ ಒದ್ದೆ ಬಟ್ಟೆ ಹೊದಿಸುತ್ತ ಕೂತೆವು. ಹೊದಿಸಿದ್ದು ಹೊದಿಸಿದ ಹಾಗೇ ಒಣಗುತ್ತಿತ್ತು.

"ಬಣ್ಣ ಹೇಗೆ ಬಂತು?" ಎಂದು ಕೇಳಿದ ಅಣ್ಣ.

"ಚೆನ್ನಾಗಿ ಬಂದಿದೆ ರೀ" ಎಂದಳು ಅತ್ತಿಗೆ.

"ನೀನೇ ಚೆನ್ನಾಗಿದೆ ಅಂದ್ಮೇಲೆ ಮುಗೀತು ಬಿಡು."

ಜ್ವರ ಇಳಿಯದೆ ನಾನು ಕರೆಸಿದ ಆಂಬುಲೆನ್ಸು ಇನ್ನೂ ಬೀದಿಯ ತಿರುವಿನಲ್ಲಿತ್ತು. ಕುಲುಮೆ ಆರುವ ಮೊದಲೇ ಅಣ್ಣ ಆರಿಹೋದ.

ಬಂದವರೆಲ್ಲ ಯಾರದೋ ಕೆಟ್ಟ ದೃಷ್ಟಿ ತಾಗಿತು ಎಂದರು. "ಯಾರದೋ ಅಲ್ಲ, ನಂದೇ" ಎಂದಳು ಅತ್ತಿಗೆ.

ಮನೆ ಖಾಲಿಯಾದ ಮೇಲೆ ಅವಳು ಹೊಸ ಪುಡಿ ತಂದು, ಬೊಟ್ಟಿಡದೆ ಕಲಸಿ, ಹಳೆಯದನ್ನು ಕೆರೆದು, ಒಬ್ಬಳೇ ಮಾಡಿಗೆ ಬಳಿದಳು. ಮಾಲೀಕ ಕತ್ತೆತ್ತಿ ನೋಡಿ, ತನ್ನ ಪಾಡಿಗೆ ಹೋದ. ಯಾರಿಗೆ ಬೇಕೇ ಇನ್ನು ಇದೆಲ್ಲ ಎಂದು ಕೇಳಬೇಕೆನಿಸಿತು.

ಮರುದಿನ ಉರಿಬಿಸಿಲಿನ ಹೊತ್ತಿಗೆ ಒಳಗೆ ಹೋದೆ. ಕೋಣೆ ತಣ್ಣಗಿತ್ತು. ಅತ್ತಿಗೆ ಅಣ್ಣನ ಮಂಚದ ಅಂಚಿನಲ್ಲಿ ಕೂತು ದಿಂಬು ಸರಿಮಾಡುತ್ತಿದ್ದಳು. ಮೇಲೆ ಫ್ಯಾನ್ ಎಂದಿನಂತೆ ತಿರುಗುತ್ತಿತ್ತು.

"ಫ್ಯಾನ್ ನಿಲ್ಲಿಸೇ, ಅವರಿಗೆ ಚಳಿಯಾಗತ್ತೆ" ಎಂದಳು.

ನಾನು ನಿಲ್ಲಿಸಿದೆ.