ಹಡಗಿನಲ್ಲಿರುವ ಕಾರ್ಬುರೇಟರ್
ಸಿದ್ದಲಿಂಗಪ್ಪನವರನ್ನು ನಾನು ಮೊದಲು ನೋಡಿದ್ದು ಹಡಪಸರದ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ, ಖಂಡೇನವಮಿಯ ಬೆಳಿಗ್ಗೆ. ಇಂಗ್ಲೆಂಡಿನಿಂದ ತರಿಸಿದ ೧೯೪೮ರ ಕಾರಿನ ಗಾಲಿಗಳಡಿ ನಿಂಬೆಹಣ್ಣು ಇಟ್ಟು, "ಸ್ವಲ್ಪ ದೂಡ್ರಿ, ಹಣ್ಣು ಒಡೀಬೇಕು. ಕಾರ್ಬುರೇಟರ್ ಒಂದ್ ಬಂದ್ರ ಧಾರವಾಡಕ್ಕ ಹೊಂಟ್ವಿ" ಎಂದರು. ಒಳಗೆ ಕುಳಿತಿದ್ದ ಹೆಂಡತಿ ಚನ್ನಬಸವ್ವ, "ಆರು ವರ್ಷದಿಂದ ಹೊಂಟೇವಿ ನೋಡ್ರಿ" ಎಂದರು. ಪ್ರತಿ ಭಾನುವಾರ ಸಿದ್ದಲಿಂಗಪ್ಪನವರು ಎಂಜಿನ್ ಬಿಚ್ಚಿ, ಒರೆಸಿ, ಮತ್ತೆ ಜೋಡಿಸುತ್ತಾರೆ. ಯಾರು ಕೇಳಿದರೂ ಕಾರ್ಬುರೇಟರ್ "ಹಡಗಿನ್ಯಾಗ ಅದ". ಮೊನ್ನೆ ಅವರಿಲ್ಲದಾಗ ಚನ್ನಬಸವ್ವ ಕಪಾಟಿನಲ್ಲಿ ಅವರು ಬಚ್ಚಿಟ್ಟಿದ್ದ, ಇನ್ನೂ ಬಿಚ್ಚದ ಪೆಟ್ಟಿಗೆಯನ್ನು ನನಗೆ ತೋರಿಸಿದರು. "ಕಾರ್ಬುರೇಟರ್ ಬಂದು ಮೂರು ವರ್ಷಾತು. ಇವರ ಕಣ್ಣು ಮಂಜಾಗ್ಯಾವ, ಗಾಡಿ ಹೊಡೀಬ್ಯಾಡ್ರಿ ಅಂದಾರ ಡಾಕ್ಟರು. ನನಗ ಗೊತ್ತದ ಅಂತ ಅವರಿಗೆ ಹೇಳಬ್ಯಾಡ್ರಿ." ಸಿದ್ದಲಿಂಗಪ್ಪನವರು ಈಗ ಇಂಗ್ಲೆಂಡಿನಿಂದ ಹಾರ್ನ್ ತರಿಸುತ್ತಿದ್ದಾರೆ.