ಗುಂಡುಸೂಜಿ ಚುಚ್ಚಿಸಿಕೊಂಡ ಐದನೇ ಭಾಗ

ಕತ್ತರಿಯಕ್ಕ ತನ್ನ ಜನ್ಮದಲ್ಲಿ ಒಂದು ಹೊಸ ಬಟ್ಟೆ ಹೊಲಿದವಳಲ್ಲ. ಬೇರೆಯವರು ಹೊಲಿದದ್ದನ್ನು ಬಿಚ್ಚಿ, ಬಿಗಿಯಿದ್ದರೆ ಸಡಿಲಿಸಿ, ಸಡಿಲವಿದ್ದರೆ ಬಿಗಿದು ಕೊಡುವುದೇ ಅವಳ ಕಸುಬು. ಬೀದಿಯವರು ಊದಿಕೊಂಡರೂ ಅವಳಿಗೆ ಲಾಭ, ಸೊರಗಿದರೂ ಲಾಭ. ಇಂಥ ವ್ಯಾಪಾರ ಎಲ್ಲರ ಹಣೆಯಲ್ಲೂ ಬರೆದಿರುವುದಿಲ್ಲ. ಮೆಟ್ಟಿಲ ಕೆಳಗಿನ ಅವಳ ಅಂಗಡಿಯಲ್ಲಿ ಇಬ್ಬರು ಕೂತರೆ ಮೂರನೆಯವರು ಹೊರಗೆ ನಿಂತೇ ಮಾತಾಡಬೇಕು. ಆ ಇಬ್ಬರಲ್ಲಿ ಒಬ್ಬಳು ಅವಳು, ಇನ್ನೊಬ್ಬಳು ಅವಳ ಅತ್ತಿಗೆ, ಅಣ್ಣನ ಹೆಂಡತಿ. ಅತ್ತಿಗೆಯ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಆದರೆ ಗುಂಡಿ ಹಚ್ಚುವುದು, ಅಂಚು ಮಡಚುವುದು ಬೆರಳಿಗೇ ಗೊತ್ತಿತ್ತು. ಕಣ್ಣಿನ ಅಪ್ಪಣೆ ಬೇಕಿರಲಿಲ್ಲ.

ಮಧ್ಯಾಹ್ನ ಗಿರಾಕಿಗಳ ಕಾಟ ಕಡಿಮೆ. ಆಗ ಕತ್ತರಿಯಕ್ಕ ಗಟ್ಟಿಯಾಗಿ ಓದುವಳು, ಅತ್ತಿಗೆ ಹೊಲಿಯುತ್ತ ಕೇಳುವಳು. ಓದುತ್ತಿದ್ದದ್ದು ತೇಲುವ ಪಟ್ಟಣದ ಕಥೆ, ಭಾಗದ ಮೇಲೆ ಭಾಗ ಬರುವಂಥದ್ದು. ಆ ಪಟ್ಟಣ ರಾತ್ರಿ ಮಲಗಿದಲ್ಲಿ ಬೆಳಿಗ್ಗೆ ಇರುವುದಿಲ್ಲ. ಮಂಜಿನ ಮೇಲೆ ತೇಲಿಕೊಂಡು ಎಲ್ಲಿಗೋ ಹೋಗಿರುತ್ತದೆ. ಎಲ್ಲಿ ನಿಂತಿದೆ ಎಂದು ಗೊತ್ತಿರುವುದು ಬೀದಿದೀಪ ಹಚ್ಚುವ ಒಬ್ಬ ಮುದುಕಿಗೆ ಮಾತ್ರ. ಓದು ಏರುತ್ತಿದ್ದ ಹಾಗೆ ಅಂಗಡಿಯ ಗೋಡೆಗಳು ಕರಗುತ್ತಿದ್ದವು. ಮೆಟ್ಟಿಲ ಸಂದಿಯಿಂದ ಬಿಸಿಲು ಪಟ್ಟೆಪಟ್ಟೆಯಾಗಿ ಇಳಿಯುವುದು, ಅದರಲ್ಲಿ ನೂಲಿನ ಧೂಳು ತೇಲುವುದು, ತೂಗುಹಾಕಿದ ಕೋಟುಗಳು ನಿದ್ದೆಯಲ್ಲಿ ಮಗ್ಗುಲಾದಂತೆ ಅಲುಗುವುದು. ತಲೆಯ ಮೇಲೆ ಯಾರೋ ಮೆಟ್ಟಿಲು ಹತ್ತಿದರೆ, "ಮುದುಕಿ ಹೊರಟಳು ನೋಡೇ" ಎನ್ನುವಳು ಅತ್ತಿಗೆ.

ನಾಲ್ಕನೇ ಭಾಗದ ಕೊನೆಯಲ್ಲಿ ಮುದುಕಿ ಒಂದು ನೀಲಿ ಬಾಗಿಲ ಮುಂದೆ ನಿಂತಿದ್ದಳು. ಒಳಗಿನಿಂದ ಯಾರೋ ಮೆಲ್ಲಗೆ ತಟ್ಟುತ್ತಿದ್ದರು. ಬರೆದ ಮಹಾನುಭಾವ ಅಲ್ಲಿಗೇ ಗಂಟು ಹಾಕಿ ದಾರ ಕಡಿದಿದ್ದ. ಅಂದಿನಿಂದ ಇವರಿಬ್ಬರಿಗೂ ಅದೇ ಜಗಳ. ಬಾಗಿಲ ಹಿಂದೆ ಇರುವುದು ನದಿ, ಪಟ್ಟಣವನ್ನು ಹುಡುಕಿಕೊಂಡು ಬಂದಿದೆ ಎಂದು ಅತ್ತಿಗೆ. ಮಗು ಇದೆ, ಅದರ ಕನಸೇ ಈ ಪಟ್ಟಣ ಎಂದು ಕತ್ತರಿಯಕ್ಕ.

"ತಟ್ಟೋಕೆ ನದಿಗೆ ಕೈ ಎಲ್ಲಿಂದ ಬಂತು, ಅತ್ತಿಗೆ?"

"ಮಗು ಆಗಿದ್ರೆ ಇಷ್ಟೊತ್ತಿಗೆ ಬಾಗಿಲು ಮುರಿದಿರೋದು ಕಣೇ!"

ಐದನೇ ಭಾಗವನ್ನು ಅಣ್ಣ ತಂದುಕೊಟ್ಟ ಬೆಳಿಗ್ಗೆ ಕತ್ತರಿಯಕ್ಕನಿಗೆ ತಡೆಯಲಾಗಲಿಲ್ಲ. ಒಲೆ ಮುಂದೆ ನಿಂತೇ ಪುಟ ಹಾರಿಸಿ ಓದಿದಳು. ಬಾಗಿಲು ತೆರೆಯಿತು. ಒಳಗಿದ್ದದ್ದು ಸೈನ್ಯ! ಮುದುಕಿ ಒಂದೇ ಸಾಲಿನಲ್ಲಿ ಕುದುರೆಯ ಕಾಲಡಿ ಸತ್ತಳು. ದೀಪಗಳೆಲ್ಲ ಒಡೆದವು, ಪಟ್ಟಣಕ್ಕೆ ಬೆಂಕಿ ಬಿತ್ತು, ಉಳಿದದ್ದೆಲ್ಲ ಕತ್ತಿ ಗುರಾಣಿ. ಮೊದಲ ನಾಲ್ಕು ಭಾಗಗಳ ಒಳಹೊಲಿಗೆಯಲ್ಲಿ ಧಾರಾಳವಾಗಿ ಬಟ್ಟೆ ಮಡಚಿಟ್ಟಿತ್ತು. ಎಷ್ಟು ಬಿಚ್ಚಿದರೂ ಹಿಗ್ಗುತ್ತಿತ್ತು. ಐದನೆಯದನ್ನು ಆ ಮಹಾನುಭಾವ ಅಂಚಿಗೇ ಕತ್ತರಿಸಿಬಿಟ್ಟಿದ್ದ. ಎದುರಿನ ಬೀದಿ ದಾಟಲು ಕೈ ಹಿಡಿಸಿಕೊಳ್ಳುವ ಅತ್ತಿಗೆ ಒಬ್ಬಳೇ ಸರಾಗವಾಗಿ ಓಡಾಡುತ್ತಿದ್ದದ್ದು ಆ ಪಟ್ಟಣದಲ್ಲಿ ಮಾತ್ರ. ಅದನ್ನು ತಾನೇ ಬಾಯಾರೆ ಓದಿ ಸುಡುವುದೇ?

ಮಧ್ಯಾಹ್ನ ಪುಸ್ತಕ ತೆರೆದು ತೊಡೆಯ ಮೇಲಿಟ್ಟುಕೊಂಡಳು. ಕಣ್ಣು ಗೋಡೆಯ ಮೇಲೆ ನೆಟ್ಟು, ನೀಲಿ ಬಾಗಿಲ ಹಿಂದಿನಿಂದ ನದಿಯನ್ನೇ ಕರೆತಂದಳು. ನದಿ ಒದ್ದೆ ಹೆಜ್ಜೆಯಿಟ್ಟು ಬಂತು, ದೀಪಗಳ ಕೆಳಗೆ ಕನ್ನಡಿ ಹಾಸಿತು, ಒಂದೊಂದು ದೀಪವೂ ಎರಡೆರಡಾಯಿತು. ಅತ್ತಿಗೆ ತಲೆ ತಗ್ಗಿಸಿ ಕೇಳಿದಳು.

"ತುಂಬಾ ಚೆನ್ನಾಗಿದೆ. ಆದ್ರೆ ಈ ಪುಟ ಯಾಕೆ ಇಷ್ಟು ಉದ್ದ?"

"ಅಂದ್ರೆ?"

"ಅಂಗಿಯ ಗುಂಡಿ ಎಲ್ಲಾ ಹಚ್ಚಿ ಮುಗಿಸಿದೆ. ನೀನು ಒಂದು ಹಾಳೆ ತಿರುಗಿಸಿದ ಸದ್ದಿಲ್ಲ. ಅದೂ ಅಲ್ದೆ, ಪುಸ್ತಕ ನನ್ನನ್ನ ಇಷ್ಟು ಸಲೀಸಾಗಿ ಗೆಲ್ಲಿಸುತ್ತಾ?"

ಕತ್ತರಿಯಕ್ಕ ಇದ್ದದ್ದನ್ನು ಇದ್ದಂತೆ ಹೇಳಿದಳು, ಸೈನ್ಯ, ಬೆಂಕಿ, ಮುದುಕಿ. ಅತ್ತಿಗೆ ಸೂಜಿಯನ್ನು ಮಡಿಲ ಬಟ್ಟೆಗೆ ಚುಚ್ಚಿಟ್ಟಳು. ಮೇಲೆ ಯಾರೋ ಮೆಟ್ಟಿಲು ಹತ್ತಿದರು. ಅತ್ತಿಗೆ ಈ ಸಲ ಮುದುಕಿಯ ಹೆಸರೆತ್ತಲಿಲ್ಲ. ಪಟ್ಟಣ ಮುಗಿಯಿತು ಎಂದುಕೊಂಡಳು ಕತ್ತರಿಯಕ್ಕ.

"ಮೊದಲಿಂದ ಓದು. ಬರೆದಿದ್ದನ್ನೇ ಓದು."

"ಬೇಡ ಅತ್ತಿಗೆ. ನೊಂದ್ಕೋತೀರ."

"ಗಿರಾಕಿ ತೊಟ್ಟು ತೋರಿಸದೆ ನೀನು ಯಾವತ್ತಾದ್ರೂ ಕತ್ತರಿ ಆಡಿಸಿದ್ದೀಯಾ? ಓದು. ಎಲ್ಲಿ ಹಿಡಿಯುತ್ತೆ ಅಂತ ನಾನು ಹೇಳ್ತೀನಿ. ಗುಂಡುಸೂಜಿ ಡಬ್ಬ ಇತ್ತ ತಾ."

ಹಾಗೆ ಶುರುವಾಯಿತು. ಕಥೆ ಮೈಗೆ ಹೊಂದದ ಕಡೆಯೆಲ್ಲ ಅತ್ತಿಗೆ "ನಿಲ್ಲು" ಎನ್ನುವಳು, ತಡವಿ ಹಾಳೆಗೊಂದು ಸೂಜಿ ಚುಚ್ಚುವಳು. ಮುದುಕಿ ಬಿದ್ದ ಸಾಲು ಬಂದಾಗ ಮಾತ್ರ ಸೂಜಿ ಕೇಳಲಿಲ್ಲ. ಪುಸ್ತಕವನ್ನು ಇಸಿದುಕೊಂಡು, ಆ ಪುಟದ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಕೂತಳು. ಬಿಸಿಲಿನ ಪಟ್ಟೆಗಳು ಅವಳ ಮೊಣಕೈಯವರೆಗೆ ಹತ್ತಿ ಬಂದು ಆರಿಹೋದವು. ಆಮೇಲೆ ಚುಚ್ಚಿದಳು.

ಪುಸ್ತಕ ಮುಗಿಯುವ ಹೊತ್ತಿಗೆ ಪ್ಯಾಂಟು ತೆಗೆದುಕೊಳ್ಳಲು ಬಂದ ಗಿರಾಕಿಯೊಬ್ಬ ಬಾಗಿಲಲ್ಲೇ ಬೆಚ್ಚಿದ. "ಇದೇನಕ್ಕಾ, ಪುಸ್ತಕಕ್ಕೆ ಮುಳ್ಳು ಬಂದಿದೆ?"

"ಫಿಟ್ಟಿಂಗ್ ಸರಿಯಿಲ್ಲ. ಆಲ್ಟರೇಷನ್‌ಗೆ ಬಂದಿದೆ."

"ಯಾವಾಗ ರೆಡಿ?"

"ನಿಮ್ಮ ಪ್ಯಾಂಟು ನಾಳೆ. ಇದನ್ನ ಹೇಳೋಕಾಗಲ್ಲ."

ಅವನು ಹೋದ ಮೇಲೆ ಅತ್ತಿಗೆ ನೀಲಿ ಬಾಗಿಲಿನ ಪುಟ ತಡವಿ ಹುಡುಕಿ, ಮೊದಲ ಸೂಜಿ ಕಿತ್ತಳು. "ಹೂಂ, ಇಲ್ಲಿಂದ ಬಿಚ್ಚು. ನದಿಗೆ ಕೈಯಿಲ್ಲ ಅಂತಿದ್ದೆಯಲ್ಲ, ನಿನ್ನ ಮಗುನ ಒಂದು ದೋಣಿಯಲ್ಲಿ ಕೂರಿಸು. ಅದೇ ತಟ್ಟಲಿ."

ತಲೆಯ ಮೇಲೆ ಯಾರೋ ನಿಧಾನವಾಗಿ ಮೆಟ್ಟಿಲು ಇಳಿದರು. "ಮುದುಕಿ ವಾಪಸ್ ಬಂದಳು ನೋಡೇ" ಎಂದಳು ಅತ್ತಿಗೆ. ಕತ್ತರಿಯಕ್ಕ ಗೋಡೆಯ ಕಡೆ ನೋಡುತ್ತ ಕಥೆ ಎತ್ತಿಕೊಂಡಳು. ಈ ಸಲ ಮರೆಯದೆ ನಡುನಡುವೆ ಒಂದೊಂದು ಹಾಳೆ ತಿರುಗಿಸಿದಳು.