ಇಸ್ತ್ರಿ ಹಾಕಿದ ಸಾಲುಗಳು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಅಡ್ರೆಸ್ ಅಕ್ಕ ಅಂತಲೇ ಕರೆಯುತ್ತಿದ್ದರು. ಸುಮ್ಮನೆ ಇಟ್ಟ ಹೆಸರಲ್ಲ ಅದು. ರಕ್ತ ಪರೀಕ್ಷೆ ಮಾಡುವ ಲ್ಯಾಬುಗಳಿಗೆ ರಿಪೋರ್ಟು ತಯಾರಿಸಿಕೊಡುವ ಸಾಫ್ಟ್‌ವೇರ್ ಅವರದು. ಒಂಬತ್ತು ಲಕ್ಷ ಸಾಲುಗಳ ಕೋಡು. ಇಪ್ಪತ್ತು ವರ್ಷಗಳಲ್ಲಿ ಬಂದವರು ಹೋದವರು ತಮಗೆ ತೋಚಿದಲ್ಲಿ ಒಂದು ಕೋಣೆ, ಒಂದು ಅಟ್ಟ ಸೇರಿಸಿಬಿಟ್ಟ ಮನೆಯಂಥದ್ದು. ಹೊಸದಾಗಿ ಸೇರಿದವರಿಗೆ ಬಾಗಿಲು ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. "ಅಕ್ಕ, ಸಕ್ಕರೆ ಅಂಶದ ಲೆಕ್ಕ ಎಲ್ಲಿದೆ?" ಅಂತ ಕೇಳಿದರೆ ಅವಳು ಟೀ ಲೋಟ ಕೆಳಗಿಡದೆಯೇ ಫೈಲಿನ ಹೆಸರು, ಸುಮಾರು ಎಷ್ಟನೇ ಸಾಲು, ಅದನ್ನು ಮುಟ್ಟಿದರೆ ಇನ್ನೆಲ್ಲಿ ಕೆಡುತ್ತದೆ, ಎಲ್ಲ ಪಟಪಟ ಹೇಳುತ್ತಿದ್ದಳು.

ಕಳೆದ ವರ್ಷ ಕಂಪನಿಯವರು ಎಐ ಸಹಾಯಕವನ್ನು ತಂದರು. ಕೋಡನ್ನೆಲ್ಲ ಓದಿಕೊಂಡು, ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಯಂತ್ರ. ಒಂದೇ ವಾರದಲ್ಲಿ ಅಕ್ಕನ ಮೇಜಿನ ಮುಂದಿನ ಕುರ್ಚಿ ಖಾಲಿ ಬಿತ್ತು. ಅವಳಿಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಬೇಕು. ಒಂದು ದಿನ ಎಲ್ಲರೂ ಊಟಕ್ಕೆ ಹೋದಾಗ ಅದನ್ನೇ ಪರೀಕ್ಷೆಗೆ ಕೂರಿಸಿದಳು. ಮೂರು ಕಷ್ಟದ ಪ್ರಶ್ನೆ ಕೇಳಿದಳು. ಎರಡಕ್ಕೆ ಸರಿಯಾಗಿ ಹೇಳಿತು. ಮೂರನೆಯದು ತಪ್ಪಾಗಿತ್ತು, ತಿದ್ದಿದರೆ ಗೊಣಗದೆ ಒಪ್ಪಿಕೊಂಡಿತು. 'ಪರವಾಗಿಲ್ಲ, ಇಲ್ಲಿರೋ ಅರ್ಧ ಜನಕ್ಕಿಂತ ವಾಸಿ' ಅಂದುಕೊಂಡು ರಾಜಿಯಾದಳು. ಆಮೇಲೆ ಅವಳೇ ಅದನ್ನು ಎಲ್ಲರಿಗಿಂತ ಹೆಚ್ಚು ಬಳಸತೊಡಗಿದಳು.

ಹೀಗಿರುವಾಗ ಒಂದು ಕೆಲಸ ಬಂತು. ಹಸುಗೂಸುಗಳ ವಯಸ್ಸನ್ನು ಇನ್ನು ಮುಂದೆ ದಿನಗಳಲ್ಲಿ ದಾಖಲಿಸಬೇಕು ಅಂತ. ಒಂಬತ್ತು ಲಕ್ಷ ಸಾಲಿನಲ್ಲಿ ವಯಸ್ಸು ಎಲ್ಲೆಲ್ಲಿ ಅಡಗಿ ಕೂತಿದೆಯೋ ಯಾರಿಗೆ ಗೊತ್ತು? ಅಕ್ಕ ಯಂತ್ರಕ್ಕೆ ಹೇಳಿದಳು: "ವಯಸ್ಸನ್ನು ಎಲ್ಲೆಲ್ಲಿ ಬಳಸಿದ್ದೇವೆ, ಹಾಗೆ ಯಾಕೆ ಬರೆದಿದ್ದೇವೆ, ಹಳೆಯ ಬದಲಾವಣೆಗಳ ಸಮೇತ ಪಟ್ಟಿ ಮಾಡು."

ಅರವತ್ತೇಳು ಜಾಗಗಳ ಪಟ್ಟಿ ಬಂತು. ಅಕ್ಕ ಒಂದೊಂದನ್ನೇ ಓದುತ್ತಾ ನಲವತ್ತೊಂದನೆಯದಕ್ಕೆ ಬಂದಳು. ಅಲ್ಲಿ ಹೀಗಿತ್ತು: "ಇಲ್ಲಿ ಹಿಂದೆ ಒಂದು ಷರತ್ತು ಇತ್ತು. ವಯಸ್ಸು ಸೊನ್ನೆಯಾಗಿದ್ದರೆ ದೊಡ್ಡವರಿಗೆ ಅನ್ವಯಿಸುವ ಸಹಜ ಮಟ್ಟವನ್ನು ಬಳಸು ಎಂದು. ಅದನ್ನು ಹನ್ನೊಂದು ವರ್ಷದ ಹಿಂದೆ ತೆಗೆಯಲಾಗಿದೆ. ಆಗ ಆ ಸಾಲಿನ ಮೇಲೆ ಒಬ್ಬರ ಹೆಸರಿತ್ತು. ಆದರೆ ಅವರು ಬದಲಿಸಿದ್ದು ಸಾಲಿನ ಮುಂದಿನ ಖಾಲಿ ಜಾಗವನ್ನು ಮಾತ್ರ. ಷರತ್ತನ್ನು ಮೂಲತಃ ಬರೆದದ್ದು ಅದಕ್ಕೂ ಎರಡು ವರ್ಷ ಮೊದಲು, ಬೇರೆಯವರು." ಅದರ ಕೆಳಗೆ ಆ ಬೇರೆಯವರ ಹೆಸರು. ಅಕ್ಕನ ಹೆಸರು.

ಯಂತ್ರ ಎಲ್ಲೋ ಎಡವಿರಬೇಕು ಅಂತ ಅಕ್ಕ ತಾನೇ ಕೋಡಿನ ಹಳೆಯ ಪ್ರತಿಗಳನ್ನು ತೆಗೆದು ನೋಡಿದಳು. ಎಡವಿರಲಿಲ್ಲ. ಸಾಲಿನ ಜೊತೆ ಅವಳದೇ ಟಿಪ್ಪಣಿಯೂ ಇತ್ತು: "ವಯಸ್ಸು ತುಂಬದಿದ್ದರೆ ರಿಪೋರ್ಟು ನಿಂತುಹೋಗುತ್ತಿದೆ ಎಂಬ ದೂರಿಗೆ ಪರಿಹಾರ." ಆಗ ಎಲ್ಲ ನೆನಪಾಯಿತು. ಒಂದು ಶುಕ್ರವಾರ ಸಂಜೆ. ಯಾವುದೋ ಲ್ಯಾಬಿನವರು ಫೋನಿನಲ್ಲಿ ಕೂಗಾಡುತ್ತಿದ್ದರು, ಅವಳಿಗೆ ತಂಗಿಯ ಮನೆಗೆ ಹೋಗುವ ರೈಲಿಗೆ ಹೊತ್ತಾಗಿತ್ತು. ವಯಸ್ಸಿನ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರಿಗೆ ಅದು ಸೊನ್ನೆ. ಸೊನ್ನೆ ಬಂದರೆ ದೊಡ್ಡವರು ಅಂತ ತಿಳಿದುಕೋ ಅಂತ ಒಂದು ಸಾಲು ಬರೆದು, ಬ್ಯಾಗು ಹೆಗಲಿಗೇರಿಸಿ ಓಡಿದ್ದಳು. ವರ್ಷ ತುಂಬದ ಕೂಸಿನ ವಯಸ್ಸೂ ಸೊನ್ನೆಯೇ ಅನ್ನುವುದು ಹೊಳೆಯಲೇ ಇಲ್ಲ. ಆಗ ಮಕ್ಕಳ ಆಸ್ಪತ್ರೆ ಯಾವುದೂ ಅವರ ಗಿರಾಕಿಯಾಗಿರಲಿಲ್ಲ.

ಈಗ ಆ ಖಾಲಿ ಜಾಗ ಬದಲಿಸಿದವನ ವಿಷಯ ಹೇಳಬೇಕು. ಅವನಿಗೆ ಆಫೀಸಿನಲ್ಲಿ ಇಟ್ಟ ಹೆಸರು ಇಸ್ತ್ರಿ. ತೊಡುವ ಅಂಗಿ ಯಾವಾಗಲೂ ಮುದ್ದೆ. ಆದರೆ ಕೋಡಿನಲ್ಲಿ ಒಂದು ಸಾಲು ಅರ್ಧ ಇಂಚು ಆಚೀಚೆ ಸರಿದಿದ್ದರೆ ಪುಣ್ಯಾತ್ಮನಿಗೆ ನಿದ್ದೆ ಬರುತ್ತಿರಲಿಲ್ಲ. ಒಮ್ಮೆ ಮೂರು ದಿನ ಸಾಲಾಗಿ ರಜೆ ಬಂದಾಗ, ಯಾರೂ ಹೇಳದಿದ್ದರೂ ಆಫೀಸಿಗೆ ಬಂದು ಕೂತು, ಎರಡು ಲಕ್ಷ ಸಾಲುಗಳನ್ನು ಅಚ್ಚುಕಟ್ಟಾಗಿ ಜೋಡಿಸಿದ. ಅರ್ಥ ಬದಲಿಸಲಿಲ್ಲ, ಖಾಲಿ ಜಾಗ ಸರಿಮಾಡಿದ, ಅಷ್ಟೇ. ಆದರೆ ಕೋಡಿನ ಪ್ರತಿ ಸಾಲಿಗೂ ಒಂದು ಹೆಸರು ಅಂಟಿಕೊಂಡಿರುತ್ತದೆ ನೋಡಿ, ಅದು ಕೊನೆಯದಾಗಿ ಮುಟ್ಟಿದವರ ಹೆಸರು. ಸೋಮವಾರ ಬಂದು ನೋಡಿದರೆ ಎಲ್ಲ ಕಡೆ ಅವನದೇ ಹೆಸರು. "ಏನಪ್ಪಾ, ಮೂರೇ ದಿನದಲ್ಲಿ ಕಂಪನಿನೇ ನಿನ್ನ ಹೆಸರಿಗೆ ಬರೆಸ್ಕೊಂಡೆಯಲ್ಲ!" ಅಂತ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕನೂ ನಕ್ಕಿದ್ದಳು.

ಮರುವರ್ಷ ಮಕ್ಕಳ ಆಸ್ಪತ್ರೆಯೊಂದು ಈ ಸಾಫ್ಟ್‌ವೇರ್ ತಗೊಂಡಿತು. ಏಳು ತಿಂಗಳ ಕೂಸಿನ ರಿಪೋರ್ಟಿನಲ್ಲಿ ದೊಡ್ಡವರ ಮಟ್ಟ ಅಚ್ಚಾಯಿತು. ಗಟ್ಟಿಮುಟ್ಟಾಗಿದ್ದ ಕೂಸನ್ನು ಕಾಯಿಲೆ ಅಂತ ಒಂಬತ್ತು ದಿನ ಮಲಗಿಸಿ ಸೂಜಿ ಚುಚ್ಚಿದರು. ಕೂಸು ಬದುಕಿತು, ಆದರೆ ಸುದ್ದಿ ಪತ್ರಿಕೆಗೆ ಬಂತು. ಯಾರು ಮಾಡಿದ್ದು ಅಂತ ಹೇಳಲು ಆಡಳಿತದವರು ಅಕ್ಕನಿಗೆ ಎರಡು ದಿನ ಕೊಟ್ಟರು. ಅವಳು ಸಾಲು ಹುಡುಕಿದಳು. ಪಕ್ಕದಲ್ಲಿ ಇಸ್ತ್ರಿಯ ಹೆಸರಿತ್ತು, ತಾರೀಖಿತ್ತು. ವರದಿಯಲ್ಲಿ ಎರಡನ್ನೂ ಬರೆದುಕೊಟ್ಟಳು.

ತಾರೀಖು ಆ ರಜೆಯದು. ಅದೇ ತಾರೀಖಿನಲ್ಲಿ ಎರಡು ಲಕ್ಷ ಸಾಲುಗಳ ಮೇಲೆ ಅವನ ಹೆಸರಿತ್ತು. ಆಫೀಸಿಗೆ ಆಫೀಸೇ ಅದನ್ನು ಹಿಡಿದು ಗೇಲಿ ಮಾಡಿತ್ತು. ಹಾಗಿದ್ದೂ ಒಬ್ಬರಿಗೂ, ಕೋಡಿನ ಮೂಲೆಮೂಲೆ ಬಲ್ಲ ಅಕ್ಕನಿಗೂ, ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ ನೋಡೋಣ ಅನ್ನಿಸಲಿಲ್ಲವೆ? ಹೊಳೆಯಲಿಲ್ಲವೋ, ಹೊಳೆಯಲು ಅವಳು ಬಿಡಲಿಲ್ಲವೋ. ಹೆಸರು ಸಿಕ್ಕ ಕೂಡಲೇ ಎದೆಯ ಭಾರ ಇಳಿದಿತ್ತು ಅನ್ನುವುದಂತೂ ಅವಳಿಗೆ ಚೆನ್ನಾಗಿ ನೆನಪಿದೆ.

ಪಾಪ, ಇಸ್ತ್ರಿ ಎದುರಾಡಲಿಲ್ಲ. "ನನ್ನ ಹೆಸರಿದೆ ಅಂದ್ರೆ ನಾನೇ ಬರೆದಿರ್ಬೇಕು. ನೆನಪಿಲ್ಲ, ಅಷ್ಟೇ," ಅಂದ. ಕೆಲಸ ಬಿಟ್ಟು ಹೋದ.

ಪಟ್ಟಿ ನೋಡಿದ ದಿನ ಸಂಜೆ ಅಕ್ಕ ಮನೆಗೆ ಹೋಗಿ ಗಂಡನಿಗೆ ಎಲ್ಲ ಹೇಳಿದಳು. ಗಣಿತದ ಮೇಷ್ಟ್ರು, ತರಕಾರಿ ಹೆಚ್ಚುತ್ತಾ ಕೇಳಿಸಿಕೊಂಡರು.

"ಹೋಗಿ ಅವನಿಗೆ ಹೇಳಿದ್ರೆ ನಿನಗೆ ಹಗುರ ಆಗುತ್ತೆ. ಅವನಿಗೇನಾಗುತ್ತೆ ಅಂತ ಯೋಚ್ನೆ ಮಾಡಿದ್ದೀಯಾ?"

"ಅವನು ಮಾಡಿಲ್ಲ ಅಂತ ಅವನಿಗೆ ಗೊತ್ತಾಗೋದು ಬೇಡ್ವಾ?"

"ಬೇಕು. ನಿನಗೆ ಹಗುರ ಆಗ್ಲಿ ಅಂತ ಹೋಗ್ಬೇಡ, ಅಷ್ಟೇ ನಾನು ಹೇಳೋದು."

ಮರುದಿನ ಮ್ಯಾನೇಜರ್ ಮುಂದೆ ಹೋಗಿ ನಿಂತಳು. ಅವನು ಬಂದು ಮೂರು ವರ್ಷವಷ್ಟೇ ಆಗಿತ್ತು; ಯಾವ ಇಸ್ತ್ರಿ, ಯಾವ ಕೂಸು? "ಹಳೇದನ್ನ ಈಗ್ಯಾಕೆ ಕೆದಕ್ತೀರಾ ಮೇಡಂ? ಆ ಸಾಲೇ ಈಗ ಇಲ್ವಲ್ಲ," ಅಂದ. ಅಕ್ಕ ಎರಡು ರಾತ್ರಿ ಹೊರಳಾಡಿದಳು. ಸುಮ್ಮನಿದ್ದರೆ ಯಾರೂ ಕೇಳುವವರಿಲ್ಲ. ಅದೇ ಅವಳಿಗೆ ದೊಡ್ಡ ಹಿಂಸೆ. ಮೂರನೆಯ ದಿನ ರಜೆ ಹಾಕಿ, ಬದಲಾವಣೆಗಳ ದಾಖಲೆಯನ್ನು ಎರಡು ಹಾಳೆಯಲ್ಲಿ ಅಚ್ಚು ತೆಗೆದುಕೊಂಡು ಹೊರಟಳು.

ಇಸ್ತ್ರಿ ಕಾಲೇಜಿನ ಎದುರಿನ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಒಂದು ಯಂತ್ರ, ಒಂದು ಕಟ್ಟೆ, ಎರಡು ಸ್ಟೂಲು. ಅವಳ ಕೈಯಲ್ಲಿದ್ದ ಹಾಳೆ ನೋಡಿ ತಲೆ ಎತ್ತದೆಯೇ, "ಎಷ್ಟು ಕಾಪಿ?" ಅಂದ. ಆಮೇಲೆ ತಲೆ ಎತ್ತಿದ.

"ಅಯ್ಯೋ ಅಕ್ಕ! ನೀವಾ! ಬನ್ನಿ ಬನ್ನಿ, ಕೂತ್ಕೊಳ್ಳಿ." ಓಡಿಹೋಗಿ ಎದುರಿನ ಅಂಗಡಿಯಿಂದ ಟೀ ತಂದ. ಆ ಸಂಭ್ರಮ ನೋಡಿ ಅಕ್ಕ ಹಾಳೆಗಳನ್ನು ಮಡಿಲಿಗೆ ಸರಿಸಿಕೊಂಡಳು.

"ಇಷ್ಟು ಬುದ್ಧಿವಂತ ನೀನು, ಇಲ್ಲಿ ಯಾಕಪ್ಪಾ ಕೂತಿದ್ದೀಯಾ?"

"ಇದು ನೆಮ್ಮದಿ ಅಕ್ಕ. ಇಲ್ಲಿ ನಾನೇನೂ ಬರೆಯೋ ಹಾಗಿಲ್ಲ. ಅವರು ಏನು ಕೊಡ್ತಾರೋ ಅದೇ ಆಚೆ ಬರುತ್ತೆ. ತಪ್ಪಿದ್ರೂ ಅವರದೇ." ಅವನು ನಕ್ಕ. "ನನ್ನ ಕೈಯನ್ನ ನಾನು ನಂಬಲ್ಲ. ಮಗಳಿಗೆ ಜ್ವರ ಬಂದ್ರೆ ಔಷಧಿ ಅಳತೆ ನೋಡಿ ಕುಡಿಸೋದೂ ನನ್ನ ಹೆಂಡತಿನೇ. ಇಲ್ಲಿವರೆಗೂ ನಾನು ಒಂದು ಸಲಾನೂ ಕುಡಿಸಿಲ್ಲ."

ಅಕ್ಕ ಇನ್ನು ತಡೆಯಲಾರದೆ ಹಾಳೆಗಳನ್ನು ಕಟ್ಟೆಯ ಮೇಲಿಟ್ಟು ಹೇಳಿಬಿಟ್ಟಳು. ಸುತ್ತು ಬಳಸಲಿಲ್ಲ. ಆಫೀಸಿಗೆ ಬಂದಿರೋ ಎಐ ಹುಡುಕಿಕೊಟ್ಟಿತು, ಆ ಸಾಲು ನಂದು, ನೀನು ಬರೀ ಜಾಗ ಸರಿ ಮಾಡಿದ್ದೆ, ನಾನು ಹಿಂದಕ್ಕೆ ಹೋಗಿ ನೋಡಲಿಲ್ಲ, ನನ್ನಿಂದ ನಿನ್ನ ಬಾಳು ಹಾಳಾಯ್ತು ಕಣಪ್ಪಾ, ಅಂದಳು. ಅನ್ನುತ್ತಲೇ ಅತ್ತಳು.

ಇಸ್ತ್ರಿ ಹಾಳೆಗಳನ್ನು ಕೈಗೆತ್ತಿಕೊಂಡ. ಓದುವುದನ್ನು ಮರೆತಿರಲಿಲ್ಲ, ಬೆರಳು ಒಂದೊಂದು ಸಾಲಿನ ಕೆಳಗೆ ನಿಧಾನವಾಗಿ ಹೋಯಿತು. ಒಬ್ಬಳು ಹುಡುಗಿ ಬಂದು ನೋಟ್ಸ್ ಕಾಪಿ ಬೇಕು ಅಂದಳು. "ಆಮೇಲೆ ಬಾಮ್ಮ," ಅಂದು ಕಳಿಸಿದ. ಮತ್ತೆ ಮೊದಲಿನಿಂದ ಓದಿದ.

"ಹಾಗಾದ್ರೆ ನಾನಲ್ಲ," ಅಂದ.

"ನೀನಲ್ಲ."

"ನಾನು ಆ ಮಗುವಿನ ಮನೆಗೆ ಹೋಗಿದ್ದೆ ಅಕ್ಕ. ಯಾರಿಗೂ ಹೇಳಿಲ್ಲ. ಹೊಸಿಲ ಆಚೆ ನಿಂತು ನಾನೇ ಮಾಡಿದ್ದು ಅಂದೆ. ಆ ತಾಯಿ ಕೂಸನ್ನ ಸೆರಗಲ್ಲಿ ಮುಚ್ಚಿಕೊಂಡು ಒಳಗೆ ಹೋದ್ರು. ನನ್ನ ಕಣ್ಣು ಬಿದ್ರೂ ಅದಕ್ಕೆ ಏನಾದ್ರೂ ಆಗುತ್ತೆ ಅನ್ನೋ ಥರ."

ಅವನು ಹಾಳೆಗಳನ್ನು ಅವಳ ಮುಂದೆ ಇಟ್ಟು ಪೆನ್ನು ಕೊಟ್ಟ. "ಈಗ ಹೇಳಿದ್ದನ್ನ ಇದರ ಕೆಳಗೆ ಬರೆದು ಸಹಿ ಹಾಕಿ. ಒಂದು ನನ್ನ ಹೆಂಡತಿಗೆ. ಒಂದು ಆ ಮನೆಗೆ." ಅಕ್ಕ ಬರೆದಳು. ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಅವನು ಎರಡು ಪ್ರತಿ ತೆಗೆದು, ಮೂಲವನ್ನು ಅವಳಿಗೇ ವಾಪಸು ಕೊಟ್ಟ. ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು.

"ಆ ಎಐಗೆ ಇದನ್ನ ಹುಡುಕೋಕೆ ಎಷ್ಟು ಹೊತ್ತು ಹಿಡೀತು?" ಅಂತ ಕೇಳಿದ.

"ನಾಲ್ಕು ನಿಮಿಷ."

"ಅದಿರ್ಲಿ, ಅವತ್ತು ನಮ್ಮ ಹತ್ರ ಅದಿರ್ಲಿಲ್ಲ. ಕೈಯಲ್ಲೇ ಹಳೇ ಪ್ರತಿಗಳನ್ನ ತೆಗೆದು ನೋಡಿದ್ರೆ ಎಷ್ಟು ಹೊತ್ತಾಗ್ತಿತ್ತು?"

ಒಂದು ತಿಂಗಳು ಅಂದುಬಿಡಲೇ ಅನ್ನಿಸಿತು ಅಕ್ಕನಿಗೆ. ಆದರೆ ಕೇಳುತ್ತಿರುವವನು ಆ ಕೆಲಸ ಬಲ್ಲವನು.

"ಅರ್ಧ ದಿನ," ಅಂದಳು.

ಇಸ್ತ್ರಿ ಟೀ ಲೋಟಗಳನ್ನು ಕಟ್ಟೆಯ ಮೂಲೆಗೆ ಸರಿಸಿದ.

"ನಾನು ರಾಜೀನಾಮೆ ಕೊಟ್ಟ ದಿನ ನೀವು ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ನನ್ನ ಪಕ್ಕದಲ್ಲೇ ಕೂತಿದ್ರಿ ಅಕ್ಕ," ಅಂದ. "ಸಮಾಧಾನ ಹೇಳ್ತಾ."